ಚಿಕ್ಕಮ್ಮನ ಹೆಬ್ಬೆರಳು

ನಮ್ಮ ಚಿಕ್ಕಮ್ಮ ಹದಿನಾರು ವರ್ಷ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಮೂವತ್ತೊಂಬತ್ತನೇ ವಯಸ್ಸಿನಲ್ಲಿ, ನೆಂಟರೆಲ್ಲ ಮೂಗಿನ ಮೇಲೆ ಬೆರಳಿಡುವಂತೆ, ನರ್ಸಿಂಗ್ ಟೀಚರ್ ಆಗಬೇಕೆಂದು ಓದಲು ವಿದೇಶಕ್ಕೆ ಹೊರಟಳು. ಪಾಸಾಗಿ ಬಂದರೆ ಪಾಠ ಹೇಳುವ ಕೆಲಸ, ಇಲ್ಲದಿದ್ದರೆ ಮತ್ತೆ ಅದೇ ವಾರ್ಡು. ನಮಗೇನೂ ಚಿಂತೆಯಿರಲಿಲ್ಲ. ಓದಿನಲ್ಲಿ ಅವಳು ಹುಲಿ.

ಹುಲಿ ಮೊದಲ ದಿನವೇ ಇಲಿಯಾಯಿತು. ಪಾಠ ಹೇಳುವ ಮೇಡಂ ಕ್ಲಾಸಿನೊಳಗೆ ಬಂದೊಡನೆ ಇವಳು ದಡಬಡ ಎದ್ದು ನಿಂತಳಂತೆ. ಉಳಿದವರು ಕಾಲ ಮೇಲೆ ಕಾಲು ಹಾಕಿ ಕಾಫಿ ಹೀರುತ್ತಿದ್ದರು. ಯಾರೋ ದೊಡ್ಡವರು ಬಂದರೇನೋ ಎಂದು ಮೇಡಂ ತಿರುಗಿ ಬಾಗಿಲು ನೋಡಿದರಂತೆ! ಆಮೇಲೆ ಮಕ್ಕಳಂಥ ಹುಡುಗರು ಆ ನರೆಗೂದಲ ಮೇಡಂ ಅವರನ್ನು ಹೆಸರು ಹಿಡಿದು ಕರೆದು, ಮುಖಕ್ಕೆ ಮುಖ ಕೊಟ್ಟು ವಾದ ಮಾಡಿದರು. ಚಿಕ್ಕಮ್ಮ ಪುಸ್ತಕದೊಳಗೆ ಮುಖ ಹುದುಗಿಸಿದಳು.

ಅಲ್ಲಿ ನೂರರಲ್ಲಿ ಮೂವತ್ತು ಅಂಕ ಕ್ಲಾಸಿನಲ್ಲಿ ಮಾತಾಡುವುದಕ್ಕೇ ಮೀಸಲು. ಅದರಲ್ಲಿ ಹತ್ತಾದರೂ ಬಾರದಿದ್ದರೆ ಫೇಲು. ಆರನೇ ವಾರಕ್ಕೆ ಚಿಕ್ಕಮ್ಮನದು ಸೊನ್ನೆ.

"ನಿಮ್ಮ ಬರವಣಿಗೆ ಚೆನ್ನಾಗಿದೆ. ಆದ್ರೆ ನಿಮ್ಮ ದನಿ ಹೇಗಿದೆ ಅಂತಾನೇ ನಂಗೊತ್ತಿಲ್ಲ" ಎಂದರು ಮೇಡಂ.

ಅವಳು ನಮ್ಮಮ್ಮನಿಗೆ ಫೋನ್ ಮಾಡಿದಳು. "ಅಕ್ಕಾ, ಪಾಠ ಹೇಳೋರ ಎದುರು ಬಾಯಿ ಬಿಡೋದು ಹೇಗೆ? ನಾಲಿಗೆ ಅಂಗುಳಿಗೆ ಅಂಟ್ಕೊಂಡ್ಬಿಡುತ್ತೆ."

"ಮನೇಲಿ ನಮ್ಮೆಲ್ಲರ ಬಾಯಿ ಮುಚ್ಚಿಸ್ತಿದ್ದೆಯಲ್ಲ, ಹಾಗೇ!" ಎಂದಳು ಅಮ್ಮ.

ಮುಂದಿನ ವಾರ ಮೇಡಂ ಬೋರ್ಡಿನ ಮೇಲೆ ಒಂದು ಮಗುವಿಗೆ ಕೊಡುವ ಔಷಧಿಯ ಲೆಕ್ಕ ಬರೆದರು. ದಶಮಾಂಶದ ಚುಕ್ಕಿ ಒಂದು ಮನೆ ಆಚೆ ಬಿತ್ತು. ಔಷಧಿ ಹತ್ತುಪಟ್ಟಾಯಿತು. ಎಲ್ಲರೂ ತಲೆ ಬಗ್ಗಿಸಿ ಅದನ್ನೇ ಬರೆದುಕೊಳ್ಳುತ್ತಿದ್ದರು.

ಅವಳ ವಾರ್ಡಿನಲ್ಲಿ ಇದಕ್ಕೊಂದು ಪದ್ಧತಿಯಿತ್ತು. ಡಾಕ್ಟರು ತಪ್ಪು ಬರೆದರೆ ನರ್ಸ್ ತಪ್ಪು ಅನ್ನುವಂತಿಲ್ಲ. ಔಷಧಿ ಚೀಟಿಯನ್ನು ಮತ್ತೆ ಮುಂದಿಟ್ಟು, ತಪ್ಪಿನ ಕೆಳಗೆ ಹೆಬ್ಬೆರಳಿಟ್ಟು, "ಸಾರ್, ಇಲ್ಲೊಂದು ಸಹಿ ಬಿಟ್ಟುಹೋಗಿದೆ" ಅನ್ನಬೇಕು. ಸಹಿ ಹಾಕಲು ಬಗ್ಗಿದಾಗ ತಪ್ಪು ಕಣ್ಣಿಗೆ ಬಿದ್ದು ಅವರು ಗೊಣಗುತ್ತ ತಿದ್ದುತ್ತಾರೆ, ಮರ್ಯಾದೆಯೂ ಉಳಿಯುತ್ತದೆ. ಚಿಕ್ಕಮ್ಮ ಎದ್ದು ಹೋಗಿ ಬೋರ್ಡಿನ ಮೇಲೆ, ಆ ಚುಕ್ಕಿಯ ಕೆಳಗೆ ಹೆಬ್ಬೆರಳಿಟ್ಟಳು.

"ಮೇಡಂ, ಇಲ್ಲೊಂದು ಸಹಿ ಬಿಟ್ಟುಹೋಗಿದೆ."

ಕ್ಲಾಸು ಗೊಳ್ಳೆಂದು ನಕ್ಕಿತು. ಮೇಡಂ ನಗಲಿಲ್ಲ. ಬೆರಳು ನೋಡಿದರು, ಅಂಕಿ ನೋಡಿದರು, ಅಳಿಸಿ ತಿದ್ದಿದರು. ತಪ್ಪು ಎನ್ನುವ ಬದಲು ಸಹಿ ಎಂದದ್ದೇಕೆಂದು ಕೇಳಿದರು. ಚಿಕ್ಕಮ್ಮ ತಡವರಿಸುತ್ತ ವಾರ್ಡಿನ ಪದ್ಧತಿ ಹೇಳಿದಳು.

"ಆ ಹೆಬ್ಬೆರಳನ್ನ ಡಾಕ್ಟರು ನೋಡದೇ ಹೋಗಿದ್ದು ಉಂಟಾ?" ಎಂದರು ಮೇಡಂ.

"ಒಂದ್ಸಲ" ಎಂದಳು ಚಿಕ್ಕಮ್ಮ. "ಅವಸರದಲ್ಲಿದ್ರು. ಬೆರಳಿನ ಪಕ್ಕದಲ್ಲೇ ಸಹಿ ಹಾಕಿ ಹೋದ್ರು. ನಾಲ್ಕು ವರ್ಷದ ಮಗು. ಔಷಧಿ ಕೊಟ್ಟವಳು ನಾನೇ. ಎರಡು ದಿನ ಕಣ್ಣು ಬಿಡಲಿಲ್ಲ. ಬದುಕ್ತು, ಪುಣ್ಯ."

ಈ ಸಂಗತಿಯನ್ನು ಅವಳು ನಮ್ಮಲ್ಲಿ ಯಾರಿಗೂ ಹೇಳಿರಲಿಲ್ಲ. ಅಲ್ಲಿ ಅಪರಿಚಿತರ ಎದುರು, ಕಣ್ಣೊರೆಸಿಕೊಳ್ಳುತ್ತ ಇಪ್ಪತ್ತು ನಿಮಿಷ ಹೇಳಿದಳು. ಒಬ್ಬರೂ ಕಾಫಿ ಲೋಟ ಮುಟ್ಟಲಿಲ್ಲವಂತೆ. ಮೇಡಂ ತಮ್ಮ ಕುರ್ಚಿಯನ್ನೇ ಅವಳಿಗೆ ಎಳೆದುಕೊಟ್ಟರು. "ನನ್ನ ತಪ್ಪು ತೋರಿಸಿದ್ದಕ್ಕೆ ಥ್ಯಾಂಕ್ಸ್. ಮುಂದಿನ ಸಲ ಕೂತಲ್ಲಿಂದಲೇ ಕೂಗಿ" ಎಂದರು. ಆ ಕುರ್ಚಿಯ ಋಣ ತೀರಿಸಲಾಗದು ಎಂದು ಚಿಕ್ಕಮ್ಮ ಇವತ್ತಿಗೂ ಹೇಳುತ್ತಾಳೆ.

ವರ್ಷದ ಕೊನೆಗೆ ಮಾತಿಗೆ ಇಪ್ಪತ್ನಾಲ್ಕು ಅಂಕ ಬಂತು. ನನ್ನನ್ನು ಕೇಳಿದ್ದರೆ ಮೂವತ್ತೂ ಕೊಡುತ್ತಿದ್ದೆ.

ಈಗ ಇಲ್ಲಿನ ನರ್ಸಿಂಗ್ ಕಾಲೇಜಿನಲ್ಲಿ ಅವಳೇ ಮೇಡಂ. ಮೊದಲ ದಿನ ನಲವತ್ತು ಹುಡುಗಿಯರು ದಡಬಡ ಎದ್ದು ನಿಂತರು. ಅಂದಿನಿಂದ ಪ್ರತಿ ಸೋಮವಾರ ಬೋರ್ಡಿನ ಮೇಲೆ ಬೇಕೆಂದೇ ಒಂದು ತಪ್ಪು ಬರೆದು ಕಾಯುತ್ತಾಳೆ. ಯಾರೂ ಹೇಳದಿದ್ದರೆ ಗಂಟೆ ಹೊಡೆಯುವ ಮುಂಚೆ ತಾನೇ ತಿದ್ದುತ್ತಾಳೆ. ಮೂರು ವಾರ ತಾನೇ ತಿದ್ದಿದಳು. ನಾಲ್ಕನೆಯ ಸೋಮವಾರ ಹಿಂದಿನ ಬೆಂಚಿನಿಂದ ನಡುಗುವ ದನಿಯೊಂದು ಬಂತು.

"ಮೇಡಂ, ತಪ್ಪಾಗಿದೆ."

ಚಿಕ್ಕಮ್ಮನಿಗೆ ಸ್ವರ್ಗ ಮೂರೇ ಗೇಣು. "ಎರಡನೇ ಸಾಲು ತಾನೇ?"

"ಅದೂ ತಪ್ಪೇ ಮೇಡಂ. ಆದ್ರೆ ಐದನೇದೂ."

ಐದನೆಯದು ಅವಳು ಬೇಕೆಂದು ಮಾಡಿದ್ದಲ್ಲ. ತಿದ್ದಿ, ಆ ಹುಡುಗಿಗೆ ಥ್ಯಾಂಕ್ಸ್ ಹೇಳಿ, ಸ್ಟಾಫ್ ರೂಮಿಗೆ ಬಂದು ಹಳೆಯ ಮೇಡಂಗೆ ಕಾಗದ ಬರೆದಳು: "ಇವತ್ತು ಒಬ್ಬಳು ಕೂತಲ್ಲಿಂದಲೇ ಕೂಗಿದಳು."