ಸೈಕಲ್ ಟ್ಯೂಬಿನ ನೀರು

ಅರವತ್ತರ ದಶಕದ ಆರಂಭದಲ್ಲಿ ನಾವು ಮಂಗಳೂರಿನ ಕದ್ರಿಯ ಇಳಿಜಾರಿನಲ್ಲೊಂದು ಹಂಚಿನ ಮನೆಯಲ್ಲಿದ್ದೆವು. ನಾನು ಪ್ರಾಥಮಿಕ ಶಾಲೆಯ ಟೀಚರು. ಮನೆಯ ಹಿಂದೆ ಬಸಳೆ ಚಪ್ಪರ, ಎರಡು ಸಾಲು ಅಬ್ಬಲಿಗೆ ಹೂವಿನ ಗಿಡ, ಸ್ವಲ್ಪ ಬೆಂಡೆ. ಮಾರ್ಚ್ ಬಂತೆಂದರೆ ಆ ಕೆಂಪು ಮಣ್ಣಿಗೆ ಎಷ್ಟು ಕೊಡ ಸುರಿದರೂ ನೀರು ಕೆಳಗೆ ಹರಿದು ಹೋಗುತ್ತಿತ್ತು, ಬೇರಿಗೆ ಇಳಿಯುತ್ತಿರಲಿಲ್ಲ.

ಪಕ್ಕದ ಮನೆಯವರು ಬ್ಯಾರಿ ಮುಸ್ಲಿಮರು. ಗಂಡನದು ಸೈಕಲ್ ರಿಪೇರಿ ಅಂಗಡಿ. ಹೆಂಡತಿ ನನಗಿಂತ ದೊಡ್ಡವರು, ಅಕ್ಕ ಎನ್ನುತ್ತಿದ್ದೆ. ನಮ್ಮಿಬ್ಬರ ಮಾತು ತುಳುವಿನಲ್ಲಿ; ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಕ್ಕ ಅಂಗಡಿಯ ಹಳೆಯ ಟ್ಯೂಬುಗಳನ್ನು ಒಂದಕ್ಕೊಂದು ಅಂಟಿಸಿ, ಸೂಜಿಯಿಂದ ತೂತು ಮಾಡಿ ಗಿಡಗಳ ಬುಡದಲ್ಲಿ ಮಲಗಿಸಿದ್ದರು. ಟ್ಯೂಬಿಗೆ ಜೋಡಿಸಿ ಕಲ್ಲಿನ ಮೇಲಿಟ್ಟ ಸೀಮೆಎಣ್ಣೆ ಡಬ್ಬಕ್ಕೆ ಬೆಳಿಗ್ಗೆ ಬಾವಿ ನೀರು ತುಂಬಿಸಿದರೆ ಅದು ಮಧ್ಯಾಹ್ನದವರೆಗೂ ಹನಿಹನಿಯಾಗಿ ಒಸರುತ್ತಿತ್ತು.

"ಇದೆಂತದ್ದು ಅಕ್ಕ, ಹೆಬ್ಬಾವಿನ ಹಾಗೆ?" ಎಂದು ನಾನು ನಕ್ಕಿದ್ದೆ.

ನಕ್ಕರೂ ಉಪಾಯ ಹಿಡಿಸಿತು; ಹಳೆ ಟ್ಯೂಬಿನ ಬದಲು ಹೊಸ ಪೈಪನ್ನೇ ತರೋಣವೆಂದು ಪೇಟೆಗೆ ಹೋದೆ. ಅಂಗಡಿಯವರು ಎರಡು ಬಗೆ ತೋರಿಸಿದರು. ಒಂದು ಕ್ಯಾನ್ವಾಸ್ ಪೈಪು. "ಒದ್ದೆಯಾದ್ರೆ ಮೈಯಿಡೀ ಒಸರ್ತದೆ, ಆದ್ರೆ ಮಳೆಗಾಲದಲ್ಲಿ ಬೂಸು ಹಿಡೀತದೆ" ಎಂದರು. ಇನ್ನೊಂದು ದಪ್ಪನೆಯ ಹಸಿರು ರಬ್ಬರು. ನೋಡಿದವರಿಗೆ ಚೆಂದ ಕಾಣಲಿ ಎಂದು ರಬ್ಬರನ್ನೇ ತಂದು, ಸೂಜಿ ಕಾಯಿಸಿ ತೂತು ಹೊಡೆದೆ. ಮೊದಲ ಎರಡು ಬಳ್ಳಿಯ ಬುಡ ಕೆಸರಾಯಿತು. ಉಳಿದವು ಒಣಗಿದವು.

ಒಂದು ವಾರ ನೋಡಿ ಅಕ್ಕನೇ ನಾಲ್ಕು ಟ್ಯೂಬು ಹಿಡಿದುಕೊಂಡು ಬಂದರು. "ತೂತು ಮಣ್ಣಿನ ಕಡೆಗಿರಲಿ ಟೀಚರೇ. ಡಬ್ಬದ ಹತ್ತಿರ ಕಡಿಮೆ, ದೂರ ಹೋದ ಹಾಗೆ ಜಾಸ್ತಿ" ಎಂದು ತೋರಿಸಿಕೊಟ್ಟರು. ಹದಿನೈದು ದಿನದಲ್ಲಿ ಬಸಳೆ ಚಿಗುರಿತು.

ಆ ಬೇಸಗೆಯಲ್ಲಿ ನಮ್ಮ ಚರ್ಚಿನ, ಅಂದರೆ ಇಗರ್ಜಿಯ, ಹೆಂಗಸರು ಕೈತೋಟದ ಸ್ಪರ್ಧೆ ಇಟ್ಟರು. ನೋಡಲು ಬಂದವರು ಬಲ್ಮಠದಲ್ಲಿ ವಾಸವಿದ್ದ ಒಬ್ಬ ಸಸ್ಯಶಾಸ್ತ್ರದ ಪ್ರೊಫೆಸರು. ಟ್ಯೂಬಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತು, "ಭಾರೀ ಲಾಯ್ಕ ಉಂಟಲ್ಲ! ಯಾರ ಐಡಿಯಾ ಇದು?" ಎಂದರು.

"ನಾನೇ ಯೋಚಿಸಿ ಮಾಡಿದ್ದು ಸರ್."

ಬಾಯಿಂದ ಅದು ಎಷ್ಟು ಸಲೀಸಾಗಿ ಬಂತೆಂದರೆ, ಹೇಳಿದ ಮೇಲೆಯೇ ನನಗೆ ಕೇಳಿಸಿತು. ಗೋಡೆಯಾಚೆ ಅಕ್ಕ ಬಟ್ಟೆ ಒಣಹಾಕುತ್ತಿದ್ದರು. ಕೈಯಲ್ಲಿದ್ದ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಒಳಗೆ ಹೋದರು. ಬಹುಮಾನ ನನಗೇ ಬಂತು.

ಮೂರು ದಿನದ ನಂತರ ನೋಡಿದರೆ ಅಕ್ಕ ಕೊಡದಲ್ಲಿ ನೀರು ಹೊರುತ್ತಿದ್ದಾರೆ. ನೆಲದಲ್ಲಿ ಟ್ಯೂಬಿಲ್ಲ.

"ಟ್ಯೂಬು ಎಂತಾಯ್ತು ಅಕ್ಕ?"

"ತೆಗೆದೆ. ಇನ್ನು ನೋಡಿದವರು ಟೀಚರನ್ನು ನೋಡಿ ಕಲಿತದ್ದು ಅಂತ ಹೇಳ್ತಾರೆ. ಅದು ಬೇಡ."

ಸಿಟ್ಟಿರಲಿಲ್ಲ ಆ ದನಿಯಲ್ಲಿ. ನನ್ನ ಮುಖ ಉರಿಯಿತು.

ಮುಂದಿನ ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ, ಆ ಉಪಾಯ ನನ್ನದಲ್ಲ, ಪಕ್ಕದ ಮನೆಯವರದು ಎಂದು ಹೆಂಗಸರೆದುರು ಹೇಳಿದೆ. "ನಮ್ಮ ಟೀಚರಿಗೆ ಎಷ್ಟು ವಿನಯ ನೋಡಿ!" ಎಂದು ಒಬ್ಬರು ನನ್ನ ಬೆನ್ನು ತಟ್ಟಿದರು. ಎಲ್ಲರೂ ನಕ್ಕರು. ಇನ್ನೊಮ್ಮೆ ಗಟ್ಟಿಯಾಗಿ ಹೇಳಬೇಕಿತ್ತು. ಹೇಳಲಿಲ್ಲ.

ಅಕ್ಕನ ಬಳಿ ಹೋಗಿ, "ನನ್ನಿಂದ ತಪ್ಪಾಯ್ತು" ಎಂದೆ.

"ಆಯ್ತು, ಬಿಡಿ" ಎಂದರು. ಚಹಾವನ್ನೂ ಕೊಟ್ಟರು. ಆದರೆ ಮಳೆ ಬೀಳುವವರೆಗೂ ಕೊಡದಲ್ಲೇ ನೀರು ಹೊತ್ತರು. ನನ್ನ ಟ್ಯೂಬುಗಳನ್ನು ಕಿತ್ತು ಹಾಕಲು ನನಗೆ ಮನಸ್ಸು ಬರಲಿಲ್ಲ, ಬಸಳೆ ಒಣಗುತ್ತದಲ್ಲ ಎಂದು ನೆಪ ಹೇಳಿಕೊಂಡೆ. ಬೆಳಿಗ್ಗೆ ಅವರು ಬಾವಿಯ ಹತ್ತಿರ ಇದ್ದಾಗ ಹಿತ್ತಿಲಿಗೆ ಇಳಿಯುವುದನ್ನೇ ಬಿಟ್ಟೆ.

ಮರುವರ್ಷ ಅವರ ಹಿತ್ತಿಲಲ್ಲಿ ಟ್ಯೂಬುಗಳು ಮತ್ತೆ ಬಂದವು, ಈ ಸಲ ಏನೋ ಹೊಸ ಕ್ರಮದಲ್ಲಿ. ಅವರು ಕರೆದು ತೋರಿಸಲಿಲ್ಲ. ಕೇಳುವ ಮುಖ ನನಗಿರಲಿಲ್ಲ.