ಹಸಿರಂಚಿನ ತಟ್ಟೆ

ಹೋಮ್ಸ್ ಪಟ್ಟಣದ ಆ ಓಣಿಯಲ್ಲಿ ನೆರೆಮನೆಯ ತಟ್ಟೆಯನ್ನು ಖಾಲಿ ಹಿಂದಿರುಗಿಸಿದವರು ಯಾರೂ ಇಲ್ಲ. ರಂಜಾನ್ ಬಂತೆಂದರೆ ಉಪವಾಸ ಬಿಡುವ ಹೊತ್ತಿಗೆ ತಟ್ಟೆಗಳು ಮನೆಯಿಂದ ಮನೆಗೆ ಓಡಾಡುತ್ತವೆ. ಬೇಳೆ ಸಾರು ಹೋದರೆ ಎಣ್ಣೆಗಾಯಿ ಬರಲೇಬೇಕು. ಬಟ್ಟೆ ಹೊಲಿಯುವ ಬದ್ರಿಯಾಳ ತುಂಟ ತಲೆಗೆ ಉಪಾಯ ಹೊಳೆದದ್ದು ಇದರಿಂದಲೇ.

ಆಗ ಹಳೆಯ ಸರ್ಕಾರವಿತ್ತು, ಜೋರಾಗಿ ಕೆಮ್ಮಲೂ ಜನ ಹೆದರುತ್ತಿದ್ದರು. ಅವಳ ತಮ್ಮ ಬೈರೂತಿನಿಂದ ಕದ್ದು ತಂದದ್ದು ನಿಷೇಧವಾಗಿದ್ದ ಒಂದು ಕಾದಂಬರಿ. ಸರ್ಕಾರವನ್ನು ಬಯ್ದು ಸೆರೆಮನೆ ಸೇರಿದ ಹೆಂಗಸಿನ ಕಥೆ. ಇಡೀ ಪುಸ್ತಕ ಸಿಕ್ಕಿಬಿದ್ದರೆ ಮನೆಮಂದಿಯೆಲ್ಲ ಒಳಗೆ. ಬದ್ರಿಯಾ ಅದರ ಹೊಲಿಗೆ ಬಿಚ್ಚಿ, ತುಂಡು ಮಾಡಿ, ಬಚ್ಚಿಡಲು ಮನೆಗೊಂದರಂತೆ ಹಂಚಿದಳು. ರಂಜಾನಿನಲ್ಲಿ ಆ ತುಂಡುಗಳು ಒಂದೊಂದಾಗಿ ರೊಟ್ಟಿಯ ಕೆಳಗೆ ಕೂತು ಓಣಿ ಸುತ್ತಿದವು. ಪುಸ್ತಕ ಬದ್ರಿಯಾಳದು, ಹಾಗಾಗಿ ಪ್ರತಿ ತುಂಡನ್ನೂ ಓದುವ ಮೊದಲ ಸರದಿ ಅವಳದೇ. ತನ್ನ ಮನೆಯಲ್ಲಿರುವ ತುಂಡನ್ನೂ ಸರದಿಗೆ ಮುಂಚೆ ಯಾರೂ ಬಿಚ್ಚಿ ನೋಡುವಂತಿರಲಿಲ್ಲ. ವಿಚಾರಣೆಯ ಅಧ್ಯಾಯದ ಮೇಲೆ ಯಾರೋ ಸಾರು ಚೆಲ್ಲಿದ್ದರಿಂದ ಕಥೆಯ ಪೊಲೀಸರೆಲ್ಲ ಬೆಳ್ಳುಳ್ಳಿ ನಾರುತ್ತಿದ್ದರು.

ಕೊನೆಯ ತುಂಡು ಇದ್ದದ್ದು ಎದುರುಮನೆಯ ಗೆಳತಿ ನಝೀಹಾಳ ಬಳಿ. ಅದು ಹೊರಡುವ ಮೊದಲೇ ಓಣಿಯ ಮೇಲೆ ಗುಂಡಿನ ಮಳೆಯಾಯಿತು. ನಝೀಹಾ ಮಕ್ಕಳನ್ನು ಕಟ್ಟಿಕೊಂಡು ಗಡಿ ದಾಟಿದಳು. ಬದ್ರಿಯಾಳ ಹಸಿರಂಚಿನ ತಟ್ಟೆಯೂ ಅವಳೊಂದಿಗೇ ಹೋಯಿತು. ಆಮೇಲೆ ಸುದ್ದಿಯೇ ಇಲ್ಲ.

ವರ್ಷಗಟ್ಟಲೆ ಬದ್ರಿಯಾಳ ಹೊಲಿಗೆ ಕೋಣೆಯಲ್ಲಿ ಕಥೆಗೆ ಹೆಂಗಸರೇ ಕೊನೆ ಹೆಣೆದರು.

"ಬಿಡುಗಡೆ ಮಾಡ್ಸಿ ಒಂದು ಮದ್ವೆ ಮಾಡ್ಸೋಣ ಕಣೇ," ಎಂದಳು ಒಬ್ಬಳು.

"ಒಂದು ಜೈಲಿಂದ ಬಿಡ್ಸಿ ಇನ್ನೊಂದಕ್ಕೆ ಹಾಕ್ತೀಯಾ?" ಎಂದು ಬದ್ರಿಯಾ ಸೂಜಿಗೆ ದಾರ ಪೋಣಿಸಿದಳು.

ಸರ್ಕಾರ ಬಿತ್ತು. ಅದೇ ಕಾದಂಬರಿ ಪಾದಚಾರಿ ದಾರಿಯಲ್ಲಿ ಈರುಳ್ಳಿಯ ಪಕ್ಕದಲ್ಲೇ ಮಾರಾಟಕ್ಕೆ ಬಂತು. ತಮ್ಮ ಹೇಳಿದ, "ಅಕ್ಕಾ, ತಗೊಂಡು ಬರ್ಲಾ? ಕೊನೆ ಓದ್ಬಿಡು."

"ಬೇಡ. ನನ್ನ ತಟ್ಟೆ ಬರ್ಲಿ."

ಆ ಪುಸ್ತಕ ಕೊಂಡರೆ ನಝೀಹಾ ಇನ್ನು ಬರುವುದಿಲ್ಲವೆಂದು ತಾನೇ ಒಪ್ಪಿಕೊಂಡಂತೆ. ಬದ್ರಿಯಾಳ ಹೆದರಿಕೆ ಅಷ್ಟೇ.

ಮುಂದಿನ ರಂಜಾನಿನ ಒಂದು ಸಂಜೆ ಬಾಗಿಲು ಬಡಿದ ಸದ್ದಾಯಿತು. ಹೊಸಿಲಲ್ಲಿ ತಲೆ ನರೆತ, ಮೈ ತುಂಬಿಕೊಂಡ ನಝೀಹಾ. ಕೈಯಲ್ಲಿ ಹಸಿರಂಚಿನ ತಟ್ಟೆ, ಅದರಲ್ಲಿ ದಾಳಿಂಬೆ ರಸದ ಎಣ್ಣೆಗಾಯಿ, ಪಕ್ಕದಲ್ಲಿ ರೊಟ್ಟಿ. ರೊಟ್ಟಿಯ ಕೆಳಗೆ ಹಳದಿಯಾದ ಹಾಳೆಗಳು.

ಬದ್ರಿಯಾ ಅತ್ತಳು, ನಕ್ಕಳು, ಮತ್ತೆ ಅತ್ತಳು. ಆಮೇಲೆ ತಡೆಯಲಾರದೆ ಕೇಳಿದಳು, "ಕೊನೆಗೆ ಅವಳು ಹೊರಗೆ ಬಂದ್ಲಾ? ಹೇಳೇ ಮಾರಾಯ್ತಿ."

"ನನಗೇನ್ ಗೊತ್ತು? ದಿಂಬಿನೊಳಗೆ ಹೊಲಿದಿಟ್ಟಿದ್ದೆ, ಈಗ ಬಿಚ್ಚಿ ತಂದೆ. ಮೊದಲ ಸರದಿ ನಿಂದು ತಾನೇ?"

ಮರುದಿನ ನಝೀಹಾ ಎದುರುಮನೆಯ ಕಿಟಕಿಯಿಂದಲೇ ಕೂಗಿದಳು, "ಓದಿ ಆಯ್ತಾ? ಏನಾಯ್ತು?"

ಈಗ ಬಚ್ಚಿಡುವುದಕ್ಕೆ ಕಾರಣವೇ ಇರಲಿಲ್ಲ. ಆದರೂ ಬದ್ರಿಯಾ ಹಾಳೆಗಳನ್ನು ಜೋಡಿಸಿ ತಟ್ಟೆಯಲ್ಲಿಟ್ಟು, ಮೇಲೆ ರೊಟ್ಟಿ ಮುಚ್ಚಿದಳು.

"ಹೇಳಲ್ಲ ಹೋಗು," ಎಂದಳು. "ಸಂಜೆ ತಟ್ಟೆ ಬರುತ್ತೆ."