ಶಿವಕುಮಾರಿಯ ಆರುನೂರ ಹನ್ನೆರಡು ಗುರುತು

ಶಿವಕುಮಾರಿಗೆ ಕೆಟ್ಟದ್ದು ನಡೆದಾಗ ನಗು ಬರುತ್ತದೆ. ಮದುವೆ ಮಾತು ಮುರಿದ ದಿನ ನಕ್ಕಳು. ಲೋಕಲ್ ರೈಲು ಹತ್ತುವಾಗ ಒಂದು ಚಪ್ಪಲಿ ಹಳಿಗೆ ಬಿದ್ದು, ದಹಿಸರ್‌ವರೆಗೆ ಒಂಟಿ ಕಾಲಿನ ಚಪ್ಪಲಿಯಲ್ಲಿ ಬಂದ ದಿನವೂ ನಕ್ಕಳು. ಆದ್ದರಿಂದ ಆ ಮಂಗಳವಾರ ಗೋಡೆಯಾಚೆ ಅವಳ ನಗು ಕೇಳಿದ ಕೂಡಲೇ ನಾನು ಒಲೆ ಆರಿಸಿ ಎದ್ದೆ.

ಅವಳು ದಹಿಸರಿನ ನಮ್ಮ ಚಾಳಿನಲ್ಲಿ ಪಕ್ಕದ ಖೋಲಿಯವಳು. ಅಫಜಲಪುರದ ಕಡೆಯಿಂದ ಬಂದ ಗೌಂಡಿ ಬಂಡೆಪ್ಪನ ಮಗಳು, ವಯಸ್ಸು ನಲವತ್ತೇಳು, ಕನ್ನಡ ಶಾಲೆಯ ಟೀಚರ್. ಒಂಬತ್ತು ವರ್ಷದಿಂದ ಪಿಎಚ್‌ಡಿ ಮಾಡುತ್ತಿದ್ದಳು, ಈ ಊರಿನ ಬಿಲ್ಡಿಂಗ್‌ಗಳನ್ನು ಕಟ್ಟಿದ ನಮ್ಮ ಕಡೆಯ ಗೌಂಡಿಗಳ ಮೇಲೆ. ಜೊತೆಗೆ ಅವಳಿಗೊಂದು ಚಟ. ಓರೆಕೋರೆ ಇಟ್ಟದ್ದನ್ನು ಕಂಡರೆ ಕೈ ಸುಮ್ಮನಿರುವುದಿಲ್ಲ. ನನ್ನ ಮನೆಗೆ ಬಂದರೂ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿಯೇ ಕೂರುತ್ತಾಳೆ. ಆಮೇಲೆ ಜೀರಿಗೆ ಹುಡುಕಲು ನನಗೆ ಅರ್ಧ ತಾಸು.

ಹೋಗಿ ನೋಡಿದರೆ ಲ್ಯಾಪ್‌ಟಾಪಿನ ಮುಂದೆ ಕೂತು ಹೊಟ್ಟೆ ಹಿಡಿದುಕೊಂಡಿದ್ದಳು.

"ಚಿಗವ್ವಾ, ಸ್ವಚ್ಛ ಮಾಡಿದೆ. ಎಲ್ಲಾ ಸ್ವಚ್ಛ ಆಗೇತಿ!"

"ಏನಾತ ಅಂತ ನೆಟ್ಟಗ ಹೇಳು."

ಓದಿದ ಲೇಖನಗಳನ್ನು ಕೂಡಿಡಲು ಆ ಲ್ಯಾಪ್‌ಟಾಪಿನಲ್ಲಿ ಒಂದು ಸಾಫ್ಟ್‌ವೇರ್ ಇತ್ತು. ಪ್ರತಿ ಲೇಖನಕ್ಕೆ ಒಂದು ಚೀಟಿ: ಯಾರು ಬರೆದದ್ದು, ಯಾವ ವರ್ಷ, ಯಾವ ಪುಟ. ಚೀಟಿ ಒತ್ತಿದರೆ ಲೇಖನ ತೆರೆಯುತ್ತದೆ. ಒಂಬತ್ತು ವರ್ಷ ಅವಳು ಬರೆದ ಟಿಪ್ಪಣಿಗಳೂ ಆ ಚೀಟಿಗೇ ಅಂಟಿಕೊಂಡಿವೆ. ಲ್ಯಾಪ್‌ಟಾಪ್ ಮಾತ್ರ ಅವಳದಲ್ಲ, ಫೋರ್ಟ್‌ನಲ್ಲಿರುವ ಕಾಲೇಜ್ ಲೈಬ್ರರಿಯದು. ಶನಿವಾರ ಐದು ಗಂಟೆಯೊಳಗೆ ತಿರುಗಿ ಕೊಡಬೇಕು. ಅಷ್ಟರಲ್ಲಿ ಎಲ್ಲವನ್ನೂ ತನ್ನ ಹೊಸ ಲ್ಯಾಪ್‌ಟಾಪಿಗೆ ತಂದುಕೊಳ್ಳದಿದ್ದರೆ ಕೊನೆಯ ಅಧ್ಯಾಯವಿಲ್ಲ. ಪ್ರಬಂಧ ಕೊಡಲು ಉಳಿದದ್ದು ಒಂದೇ ತಿಂಗಳು. ಎರಡು ಸಲ ಮುಂದಕ್ಕೆ ಹಾಕಿಸಿಕೊಂಡಾಗಿತ್ತು, ಮೂರನೆಯದು ಇರಲಿಲ್ಲ.

ಸಾಗಿಸುವ ಮುಂಚೆ ಒಪ್ಪ ಮಾಡೋಣವೆಂದು ಅವಳು ಸಾಫ್ಟ್‌ವೇರ್ ಫೈಲುಗಳನ್ನು ಇಡುವ ಜಾಗ ತೆರೆದಿದ್ದಾಳೆ. ಅಲ್ಲಿ ಆರುನೂರ ಹನ್ನೆರಡು ಫೋಲ್ಡರು. ಒಂದೊಂದರ ಹೆಸರೂ ಎಂಟು ಅಕ್ಷರ, ಅಂಕಿಗಳ ಅರ್ಥವಿಲ್ಲದ ಕಲಸುಮೇಲೋಗರ. ಒಂದೊಂದರಲ್ಲಿ ಒಂದೇ ಫೈಲು. ಶಿವಕುಮಾರಿ ಸುಮ್ಮನಿರುತ್ತಾಳೆಯೇ? ಎಲ್ಲವನ್ನೂ ಹೊರಗೆ ತೆಗೆದು, ಪೆನ್‌ಡ್ರೈವ್‌ನಲ್ಲಿ ಇಟ್ಟಿಗೆ, ಮರಳು, ಮುಕಾದಮ, ಜೋಪಡಿ, ಕೆಮ್ಮು ಎಂದು ಐದು ಚೆಂದದ ಫೋಲ್ಡರ್ ಮಾಡಿ, ಖಾಲಿಯಾದ ಆರುನೂರ ಹನ್ನೆರಡನ್ನೂ ಅಳಿಸಿ, ಕಸದ ಬುಟ್ಟಿಯನ್ನೂ ಬರಿದು ಮಾಡಿ ಕೈ ತೊಳೆದುಕೊಂಡಳು. ಈಗ ಯಾವ ಚೀಟಿ ಒತ್ತಿದರೂ "ಫೈಲ್ ಸಿಗಲಿಲ್ಲ" ಎನ್ನುತ್ತಿದೆ.

ನನಗೆ ತಕ್ಷಣ ತಿಳಿಯಿತು. ದಾದರಿನ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ಬಟ್ಟೆ ಬೇರೆ ಮಾಡಿದವಳು ನಾನು.

"ಹುಚ್ಚಿ, ಅದು ಕಾಲರ್ ಒಳಗಿನ ಗುರುತು! ನೋಡಾಕ ಹೊಲಸು ಕಾಣತೈತಿ ಅಂತ ಎಲ್ಲಾ ಅಂಗಿದ್ದೂ ಗುರುತು ಕತ್ತರಿಸಿ ಒಗದಿ."

ಅವಳಿಗೆ ಮತ್ತೆ ನಗು. ಈ ಸಲ ನನಗೂ ಬಂತು.

ಲೈಬ್ರರಿಯ ರೋಶನ್‌ಗೆ ಫೋನ್ ಮಾಡಿದಳು. ಮಂಗಳೂರಿನ ಕಡೆಯ ಸಮಾಧಾನದ ಹುಡುಗ. "ಮ್ಯಾಡಮ್, ಫೈಲ್‌ಗಳನ್ನ ಹೊಸದಾಗಿ ಒಳಗೆ ಹಾಕ್ಬೇಡಿ, ಹಾಂ? ಹೊಸ ಚೀಟಿ ಹುಟ್ಟುತ್ತೆ, ನಿಮ್ಮ ನೋಟ್ಸ್ ಹಳೇದರಲ್ಲೇ ಉಳಿಯುತ್ತೆ. ಒಂದೊಂದು ಚೀಟಿಗೂ ಅದರ ಫೈಲ್ ಎಲ್ಲಿದೆ ಅಂತ ತೋರಿಸಬೇಕು."

"ಒಂದೊಂದಕ್ಕೂ?"

"ಒಂದೊಂದಕ್ಕೂ. ದೇವರು ಒಳ್ಳೇದು ಮಾಡ್ಲಿ."

ಒಮ್ಮೆ ಲಾಂಡ್ರಿಯಲ್ಲಿ ಒಂದು ಹೋಟೆಲಿನ ನಲವತ್ಮೂರು ಬಿಳಿ ಅಂಗಿಗಳ ಗುರುತು ಬ್ಲೀಚಿಗೆ ಹೋಗಿತ್ತು. ಗುಂಡಿ, ಹೊಲಿಗೆ, ಕಾಲರಿನ ಸವೆತ ನೋಡಿ ಎಲ್ಲವನ್ನೂ ಅವರವರಿಗೇ ಸೇರಿಸಿದ್ದೆವು. ಇಲ್ಲಿಯೂ ಹಾಗೇ ಮಾಡಿದೆವು. ಚೀಟಿಗಳ ಪಟ್ಟಿಯನ್ನು ಝೆರಾಕ್ಸ್ ಅಂಗಡಿಯಲ್ಲಿ ಕಾಗದಕ್ಕೆ ಇಳಿಸಿಕೊಂಡೆವು. ಅವಳು ಫೈಲು ತೆರೆದು ವರ್ಷ ಮತ್ತು ಮೊದಲ ಪುಟದ ಅಂಕಿ ಕೂಗುವುದು, ನಾನು ಪಟ್ಟಿಯಲ್ಲಿ ಆ ಸಾಲು ಹಿಡಿದು ಅದರ ನಂಬರು ಹೇಳುವುದು, ಅವಳು ಆ ಚೀಟಿಗೆ ಫೈಲು ತೋರಿಸುವುದು. ನನಗೆ ಇಂಗ್ಲಿಷ್ ಬಾರದು, ಅಂಕಿ ಬರುತ್ತವೆ. ಎರಡು ಸಾಲಿನಲ್ಲಿ ಅಂಕಿ ಒಂದೇ ಇದ್ದರೆ ಅಕ್ಷರಗಳನ್ನು ಕಸೂತಿಯ ಎಳೆಯಂತೆ ಒಂದಕ್ಕೊಂದು ಹೊಂದಿಸಿ ನೋಡುತ್ತಿದ್ದೆ.

ಮೂವತ್ತೇಳು ಫೈಲುಗಳ ಹೆಸರು ಬರೀ "ಡೌನ್‌ಲೋಡ್".

"ಮೂವತ್ತೇಳು ಮಂದಿ ಒಂದ ಹೆಸರ ಹೇಳಿ ಲಾಂಡ್ರಿಗೆ ಬಂದಂಗಾತಲ್ಲ!" ಎಂದೆ. ಚಹಾ ಅವಳ ಮೂಗಿಗೇರಿತು.

ಶಾಲೆಗೆ ದೀಪಾವಳಿ ರಜೆ ಇತ್ತು. ಬುಧವಾರ ನೂರ ತೊಂಬತ್ತು, ಗುರುವಾರ ಇನ್ನೂರ ಹದಿನೈದು, ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ಉಳಿದ ಇನ್ನೂರ ಏಳು. ಕೊನೆಯ ಸಾಲಿಗೆ ಗೀಟು ಎಳೆದಾಗ ಇಬ್ಬರೂ ಖೋಲಿಯಲ್ಲಿ ಒಂದು ಸುತ್ತು ಕುಣಿದೆವು. ನನ್ನ ಮೊಣಕಾಲು ಬೇಡವೆಂದಿತು, ನಾನು ಕೇಳಲಿಲ್ಲ.

ಶನಿವಾರ ಮಧ್ಯಾಹ್ನ ಎಲ್ಲವನ್ನೂ ಅದೇ ಪೆನ್‌ಡ್ರೈವ್‌ನಿಂದ ಹೊಸ ಲ್ಯಾಪ್‌ಟಾಪಿಗೆ ಸಾಗಿಸಿ, ಎರಡನ್ನೂ ಹೊತ್ತು ಫೋರ್ಟ್‌ಗೆ ಹೋದೆವು. ನಾಲ್ಕೂ ಇಪ್ಪತ್ತಕ್ಕೆ ರೋಶನ್‌ನ ಮೇಜಿನ ಮುಂದೆ ಅವಳು ಹೊಸದನ್ನು ತೆರೆದು ಚೀಟಿ ಒತ್ತಿದಳು. ಲೇಖನ ಬಂತು, ಟಿಪ್ಪಣಿಯೂ ಬಂತು.

"ಆ ಚುಚ್ಚಿದ ಕಡ್ಡಿ ತಗದು ಒತ್ತು," ಎಂದೆ.

"ಯಾಕ ಚಿಗವ್ವಾ? ಎಲ್ಲಾ ಬಂದೈತಲ್ಲ."

"ಗಂಟು ಕೊಟ್ಟ ಮ್ಯಾಲ ಗಿರಾಕಿ ಬಾಗಿಲದಾಗ ಬಿಚ್ಚಿಸಿ ತೋರಿಸಿ ಬರೂದು ನಮ್ಮ ರೂಢಿ. ತಗಿ."

ಪೆನ್‌ಡ್ರೈವ್ ತೆಗೆದಳು, ಒತ್ತಿದಳು. "ಫೈಲ್ ಸಿಗಲಿಲ್ಲ."

ಶಿವಕುಮಾರಿ ನಗತೊಡಗಿದಳು. ಓದುತ್ತಿದ್ದವರೆಲ್ಲ ತಲೆ ಎತ್ತಿದರು. ಬಂದದ್ದು ಚೀಟಿಗಳು ಮಾತ್ರ. ಬಟ್ಟೆಗಳೆಲ್ಲ ಪೆನ್‌ಡ್ರೈವ್‌ನಲ್ಲೇ ಇದ್ದವು.

ರೋಶನ್ ಕುರ್ಚಿ ಎಳೆದುಕೊಂಡು ಬಂದ. "ಅರೇ ಮ್ಯಾಡಮ್, ಕಳಿಸುವಾಗ 'ಫೈಲುಗಳ ಸಮೇತ' ಅನ್ನೋ ಚೌಕಕ್ಕೆ ಟಿಕ್ ಹಾಕಿಲ್ಲ! ಹಾಕಿ, ಜಲ್ದಿ ಹಾಕಿ. ಐದಕ್ಕೆ ಬಂದ್ ಅಂದ್ರೆ ಬಂದ್."

ಹಳೆಯದರಲ್ಲಿ ಟಿಕ್ ಹಾಕಿ ಹೊಸದಕ್ಕೆ ಮತ್ತೆ ಕಳಿಸಿದಳು. ಹಸಿರು ಪಟ್ಟಿ ತುಂಬುತ್ತ ಹೋಯಿತು, ತುಂಬು ಬಸುರಿ ಮೆಟ್ಟಿಲು ಹತ್ತಿದಂತೆ. ನಾಲ್ಕೂ ಐವತ್ತೆರಡಕ್ಕೆ ಕೆಲಸ ಮುಗಿಯಿತು. ಪೆನ್‌ಡ್ರೈವ್ ನನ್ನ ಸೆರಗಿನ ಗಂಟಿಗೆ ಬಂತು. "ಏಳನೇದು ಒತ್ತು. ಮುನ್ನೂರನೇದು. ಕಡೀದು," ಎಂದೆ. ಏಳು ತೆರೆಯಿತು. ಮುನ್ನೂರು ತೆರೆಯಿತು. ಆರುನೂರ ಹನ್ನೆರಡು ತೆರೆಯಿತು, ಪಕ್ಕದಲ್ಲಿ ಅವಳ ಟಿಪ್ಪಣಿ: "ಅಪ್ಪನನ್ನು ಕೇಳಬೇಕು."

ಶಿವಕುಮಾರಿ ಮೇಜಿನ ಮೇಲೆ ತಲೆಯಿಟ್ಟು ಅಳತೊಡಗಿದಳು. ರೋಶನ್ ಗಾಬರಿಯಾದ. "ಏನಾಯ್ತು? ಮತ್ತೆ ಹೋಯ್ತಾ?"

"ಇಲ್ಲೋ ತಮ್ಮಾ, ಎಲ್ಲಾ ಬಂದೈತಿ," ಎಂದೆ. "ಹಳೇ ಲ್ಯಾಪ್‌ಟಾಪ್ ತಗೊಂಡು ಸಹಿ ಹಾಕಿಸ್ಕೋ."

ಚರ್ಚ್‌ಗೇಟಿನಲ್ಲಿ ಓಡಿ ಸಿಕ್ಕ ಗಾಡಿ ಹತ್ತಿದೆವು, ಕೂರಲು ಜಾಗವೂ ಸಿಕ್ಕಿತು. ತಲೆಗೂದಲ ಕ್ಲಿಪ್ ಮಾರುವವಳು ತನ್ನ ರಟ್ಟು ಹಿಡಿದು ಮುಂದೆ ನಿಂತಳು, ಕ್ಲಿಪ್ಪುಗಳೆಲ್ಲ ಹಿಂದುಮುಂದಾಗಿದ್ದವು. ಶಿವಕುಮಾರಿಯ ಬೆರಳುಗಳು ಅತ್ತ ಹೊರಟವು.

"ಕೈ ತಗಿ!" ಎಂದೆ.

ಕೈ ತೆಗೆದಳು. ಆಮೇಲೆ ಬಾಗಿಲ ಮೇಲಿನ ನಿಲ್ದಾಣಗಳ ಹಲಗೆ ಓದಿ ಒಮ್ಮೆಲೇ ನಗತೊಡಗಿದಳು. ಸೆರಗಿನ ಗಂಟು ಮುಟ್ಟಿ ನೋಡಿಕೊಂಡೆ, ಚೀಲ ಒತ್ತಿ ನೋಡಿದೆ.

"ಏನಾತಬೇ?"

"ಚಿಗವ್ವಾ, ಈ ಗಾಡಿ ದಹಿಸರಿಗೆ ನಿಲ್ಲಂಗಿಲ್ಲ!"